ಬರೆಯದೇ ಉಳಿದ ಪತ್ರ: ಅಣ್ವಸ್ತ್ರ ದೇಶಗಳ ಮೇಲೆ ಒಂದು ಪುಟ್ಟ ದೇಶ ಹೂಡಿದ ದಾವೆ

ಪೆಸಿಫಿಕ್ ಸಾಗರದ ನಡುವೆ ಮಾರ್ಷಲ್ ದ್ವೀಪಗಳು ಅನ್ನೋ ದೇಶ ಇದೆ. 29 ಹವಳ ದ್ವೀಪಸರಗಳು, ಐದು ಬಿಡಿ ದ್ವೀಪಗಳು. ಎಲ್ಲ ಸೇರಿಸಿದರೂ ನೆಲ ಸುಮಾರು 180 ಚದರ ಕಿಲೋಮೀಟರ್ ಅಷ್ಟೆ. 2011ರ ಜನಗಣತಿಯಲ್ಲಿ ಅಲ್ಲಿದ್ದದ್ದು 53 ಸಾವಿರ ಚಿಲ್ಲರೆ ಜನ. ಸ್ವಂತ ಸೈನ್ಯ ಇಲ್ಲ. ಈ ದೇಶ 2014ರ ಏಪ್ರಿಲ್ 24ರಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ಒಂಬತ್ತು ದೇಶಗಳ ಮೇಲೆ ಒಂಬತ್ತು ಅರ್ಜಿ ಹಾಕಿತು. ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ, ಭಾರತ, ಪಾಕಿಸ್ತಾನ, ಇಸ್ರೇಲ್, ಉತ್ತರ ಕೊರಿಯಾ. ಅಂದರೆ ಜಗತ್ತಿನಲ್ಲಿ ಅಣುಬಾಂಬ್ ಇಟ್ಟುಕೊಂಡಿರುವ ಎಲ್ಲ ದೇಶಗಳೂ.

ಎರಡೂವರೆ ವರ್ಷದಲ್ಲಿ ದಾವೆ ಬಿದ್ದುಹೋಯಿತು. ಬಾಂಬ್ ಸರಿಯೋ ತಪ್ಪೋ ಅನ್ನೋ ಪ್ರಶ್ನೆಗೆ ನ್ಯಾಯಾಲಯ ಕೈಯನ್ನೇ ಹಾಕಲಿಲ್ಲ. ಅಣ್ವಸ್ತ್ರ ಚರ್ಚೆಯಲ್ಲಿ ಆಸಕ್ತಿ ಇರುವವರು, ಕಾನೂನು ಓದುವವರು, ದೊಡ್ಡವರ ವಿರುದ್ಧ ಸಣ್ಣವರ ಪರ ನಿಂತು ಕೆಲಸ ಮಾಡುವವರು ಈ ಪ್ರಕರಣವನ್ನು ಕೂತು ಓದಬೇಕು ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ. ದೇಶಗಳ ಹೆಸರು ಹೇಳದೆ ಈ ವಿಷಯ ಹೇಳೋಕೆ ಆಗಲ್ಲ. ಆದರೆ ದಾವೆಯಲ್ಲಿ ಪಾಲ್ಗೊಂಡ ಮಂತ್ರಿಗಳು, ವಕೀಲರು, ನ್ಯಾಯಾಧೀಶರನ್ನು ಹುದ್ದೆಯಿಂದಷ್ಟೇ ಕರೆದಿದ್ದೇನೆ. ಯಾವ ಹಂತದಲ್ಲಿ ಯಾವ ತೀರ್ಮಾನ ಆಯಿತು ಅನ್ನೋದರ ಮೇಲೆ ಕಣ್ಣಿಟ್ಟರೆ ಸಾಕು.

ಹಿನ್ನೆಲೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ದ್ವೀಪಗಳು ಅಮೆರಿಕದ ಕೈಗೆ ಬಂದವು. 1946ರ ಫೆಬ್ರವರಿಯ ಒಂದು ಭಾನುವಾರ, ಬಿಕಿನಿ ದ್ವೀಪದ ಜನ ಚರ್ಚಿನಿಂದ ಹೊರಬಂದ ಹೊತ್ತಿಗೆ, ಅಮೆರಿಕದ ಮಿಲಿಟರಿ ಆಡಳಿತಗಾರ ಅವರನ್ನು ಸೇರಿಸಿ ಮಾತಾಡಿದ. ಮನುಕುಲದ ಒಳಿತಿಗಾಗಿ, ಯುದ್ಧಗಳನ್ನೆಲ್ಲ ಕೊನೆಗಾಣಿಸೋಕೆ ನಿಮ್ಮ ದ್ವೀಪ ಬೇಕು, ಸ್ವಲ್ಪ ಕಾಲ ಬಿಟ್ಟುಕೊಡ್ತೀರಾ ಅಂತ ಕೇಳಿದ. 167 ಜನ ಎದ್ದು ಹೋದರು. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಬೇರೆ ಕಡೆಯೇ ಇದ್ದಾರೆ.

1946ರಿಂದ 1958ರ ತನಕ ಬಿಕಿನಿ, ಎನೆವೆಟಾಕ್ ಸುತ್ತಮುತ್ತ 67 ಅಣು ಪರೀಕ್ಷೆಗಳು ನಡೆದವು. ಅವುಗಳ ಒಟ್ಟು ಶಕ್ತಿಯನ್ನು ಹನ್ನೆರಡು ವರ್ಷಕ್ಕೆ ಹಂಚಿದರೆ ದಿನಕ್ಕೆ ಒಂದೂವರೆ ಹಿರೋಶಿಮಾ ಬಾಂಬ್‌ಗಿಂತ ಜಾಸ್ತಿ ಆಗುತ್ತದೆ. ಇವುಗಳಲ್ಲಿ ದೊಡ್ಡದು 1954ರ ಮಾರ್ಚ್ 1ರ 'ಬ್ರಾವೋ'. ವಿಜ್ಞಾನಿಗಳು ಲೆಕ್ಕ ಹಾಕಿದ್ದು ಸುಮಾರು ಆರು ಮೆಗಾಟನ್, ಸಿಡಿದದ್ದು ಹದಿನೈದು. ಹಿರೋಶಿಮಾ ಬಾಂಬ್‌ನ ಸುಮಾರು ಸಾವಿರ ಪಟ್ಟು. ರೊಂಗೆಲಾಪ್ ದ್ವೀಪದ ಮೇಲೆ ಬಿಳಿ ಪುಡಿ ಉದುರಿತು. ಹವಳದ ಸುಣ್ಣ ಸುಟ್ಟು, ವಿಕಿರಣ ತುಂಬಿಕೊಂಡು ಬಿದ್ದ ಬೂದಿ ಅದು. ಏನು ಅಂತ ಗೊತ್ತಿಲ್ಲದ ಮಕ್ಕಳು ಅದರಲ್ಲಿ ಆಡಿದರು. ಸಂಜೆಯಾಗುವಷ್ಟರಲ್ಲಿ ವಾಂತಿ, ಚರ್ಮ ಉರಿ ಶುರುವಾಯಿತು. ಆಮೇಲೆ ಕೂದಲು ಉದುರಿತು. ಅವರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನ ಆದ ಮೇಲೆ. ಹತ್ತಿರದ ಸಮುದ್ರದಲ್ಲಿದ್ದ ಜಪಾನಿ ಮೀನುಗಾರರ ದೋಣಿಯ 23 ಜನರ ಮೇಲೂ ಅದೇ ಬೂದಿ ಬಿತ್ತು. ಅವರಲ್ಲಿ ಒಬ್ಬ ಆ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ.

ಇಲ್ಲಿ ನಮ್ಮ ದೇಶದ ಪಾತ್ರವೂ ಇದೆ, ಅದೂ ಹೆಮ್ಮೆ ಪಡುವಂಥದ್ದು. ಬ್ರಾವೋ ಆದ ಒಂದು ತಿಂಗಳಿಗೆ, 1954ರ ಏಪ್ರಿಲ್ 2ರಂದು, ಪ್ರಧಾನಿ ನೆಹರು ಲೋಕಸಭೆಯಲ್ಲಿ ಎದ್ದು ನಿಂತು ಇಂಥ ಪರೀಕ್ಷೆಗಳನ್ನು ಎಲ್ಲರೂ ಇದ್ದಲ್ಲಿಗೇ ನಿಲ್ಲಿಸುವ ಒಪ್ಪಂದ ಆಗಲಿ ಅಂದರು. ಅಣು ಪರೀಕ್ಷೆ ನಿಲ್ಲಿಸಿ ಅಂತ ಒಂದು ಸರ್ಕಾರ ಜಗತ್ತಿನ ಮುಂದೆ ಇಟ್ಟ ಮೊದಲ ಪ್ರಸ್ತಾಪಗಳಲ್ಲಿ ಅದೂ ಒಂದು. ಅದೇ ಏಪ್ರಿಲ್ 20ರಂದು ಮಾರ್ಷಲ್ ಜನರು ವಿಶ್ವಸಂಸ್ಥೆಗೆ ತಮ್ಮದೇ ಮನವಿ ಬರೆದರು. ನಮ್ಮ ನೆಲದಲ್ಲಿ ಈ ಪ್ರಯೋಗ ನಿಲ್ಲಿಸಿ, ನೆಲ ಅಂದರೆ ನಮಗೆ ಬೆಳೆ ಬೆಳೆಯುವ, ಮನೆ ಕಟ್ಟುವ ಜಾಗ ಮಾತ್ರ ಅಲ್ಲ, ಅದೇ ನಮ್ಮ ಜೀವ ಅಂದರು. ಪರೀಕ್ಷೆಗಳು ಇನ್ನೂ ನಾಲ್ಕು ವರ್ಷ ನಡೆದವು.

1986ರಲ್ಲಿ ಅಮೆರಿಕದ ಜೊತೆ ಒಂದು ಒಡಂಬಡಿಕೆ ಜಾರಿಗೆ ಬಂದು ಮಾರ್ಷಲ್ ದ್ವೀಪಗಳು ಸ್ವತಂತ್ರವಾದವು. ಆ ಒಡಂಬಡಿಕೆಯಲ್ಲೇ 15 ಕೋಟಿ ಡಾಲರ್ ಪರಿಹಾರ ನಿಗದಿಯಾಯಿತು. ಪರೀಕ್ಷೆಗೆ ಸಂಬಂಧಿಸಿದ ಹಳೆಯ, ಹೊಸ ಬೇಡಿಕೆಗಳೆಲ್ಲ ಇದರಲ್ಲಿ ತೀರಿತು ಅಂತಲೂ ಬರೆಸಿಕೊಳ್ಳಲಾಯಿತು. ಪರಿಹಾರ ಹಂಚೋಕೆ ನೇಮಿಸಿದ ನ್ಯಾಯಮಂಡಳಿ ಮುಂದೆ 200 ಕೋಟಿ ಡಾಲರ್‌ಗೂ ಜಾಸ್ತಿ ಕೊಡಬೇಕು ಅಂತ ತೀರ್ಮಾನಿಸಿತು. ಬಹುಪಾಲು ಬರಲೇ ಇಲ್ಲ, ನಿಧಿ ಬರಿದಾಗಿತ್ತು. ಇನ್ನೊಂದು ಕಡೆ, ದೇಶದ ರಕ್ಷಣೆಯ ಹೊಣೆ ಅಮೆರಿಕದ್ದೇ. ಕ್ವಾಜಲೀನ್ ದ್ವೀಪಸರದಲ್ಲಿ ಅಮೆರಿಕದ ಕ್ಷಿಪಣಿ ಪರೀಕ್ಷಾ ನೆಲೆ ಇದೆ. ಕ್ಯಾಲಿಫೋರ್ನಿಯಾದಿಂದ ಹಾರಿಸಿದ ಖಂಡಾಂತರ ಕ್ಷಿಪಣಿಗಳು ಬಾಂಬ್ ಇಲ್ಲದೆ, ಸುಮಾರು ಅರ್ಧ ಗಂಟೆಯಲ್ಲಿ ಆರೂವರೆ ಸಾವಿರಕ್ಕೂ ಜಾಸ್ತಿ ಕಿಲೋಮೀಟರ್ ದಾಟಿ ಇದೇ ದೇಶದ ನೀರಿಗೆ ಬಂದು ಬೀಳುತ್ತವೆ. ಆ ನೆಲೆಯಿಂದ ಬರುವ ಬಾಡಿಗೆ, ಕೆಲಸ ಈ ದೇಶಕ್ಕೆ ಬೇಕು. ದಾವೆ ಹೂಡಿದವರ ಕೈ ಎಷ್ಟು ಕಟ್ಟಿತ್ತು ಅಂತ ತಿಳಿಯಬೇಕಾದರೆ ಇದನ್ನು ನೆನಪಿಟ್ಟುಕೊಳ್ಳಬೇಕು.

ಸಮಸ್ಯೆ ಏನಾಗಿತ್ತು

ಪರಿಹಾರದ ಬಾಗಿಲು ಮುಚ್ಚಿತ್ತು ಅಂತ ಹೇಳಿದೆನಲ್ಲ. ಹಾಗಾಗಿ ಈ ದಾವೆಯಲ್ಲಿ ಅವರು ಒಂದು ರೂಪಾಯಿಯನ್ನೂ ಕೇಳಲಿಲ್ಲ. ಕೇಳಿದ್ದು ಬೇರೆ.

1970ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಲ್ಲಿ ಒಂದು ಕೊಡು-ಕೊಳ್ಳು ಇದೆ. ಬಾಂಬ್ ಇಲ್ಲದ ದೇಶಗಳು ಮುಂದೆಯೂ ಮಾಡಿಕೊಳ್ಳಬಾರದು. ಒಪ್ಪಂದದ ಒಳಗಿರುವ, ಬಾಂಬ್ ಇರುವ ಐದು ದೇಶಗಳು (ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ), ಒಪ್ಪಂದದ ಆರನೇ ವಿಧಿಯ ಪ್ರಕಾರ, ಪೈಪೋಟಿ ನಿಲ್ಲಿಸಿ ನಿಶ್ಶಸ್ತ್ರೀಕರಣದ ಬಗ್ಗೆ ಒಳ್ಳೆ ಮನಸ್ಸಿನಿಂದ ಮಾತುಕತೆ ನಡೆಸಬೇಕು. ಮೊದಲನೆಯದನ್ನು ಬಹುತೇಕ ಎಲ್ಲರೂ ಪಾಲಿಸಿದರು. ಎರಡನೆಯದು? 2014ರಲ್ಲಿ ಜಗತ್ತಿನಲ್ಲಿ ಇನ್ನೂ 16 ಸಾವಿರದಷ್ಟು ಅಣು ಸಿಡಿತಲೆಗಳಿದ್ದವು. ಶೀತಲ ಸಮರದ ಕಾಲಕ್ಕೆ ಹೋಲಿಸಿದರೆ ಇದು ತುಂಬಾ ಕಡಿಮೆ, ಒಪ್ಪೋಣ. ಆದರೆ ಎಲ್ಲವನ್ನೂ ತೆಗೆದುಹಾಕುವ ಮಾತುಕತೆಗೆ ಆ ದೇಶಗಳೆಲ್ಲ ಒಟ್ಟಿಗೆ ಕೂತದ್ದೇ ಇಲ್ಲ.

1996ರ ಜುಲೈ 8ರಂದು ಇದೇ ನ್ಯಾಯಾಲಯ ವಿಶ್ವಸಂಸ್ಥೆಯ ಮಹಾಸಭೆ ಕೇಳಿದ್ದಕ್ಕೆ ಒಂದು ಸಲಹಾ ಅಭಿಪ್ರಾಯ (ದಾವೆಯ ತೀರ್ಪಲ್ಲ, ಕಾನೂನು ಏನು ಹೇಳುತ್ತದೆ ಅನ್ನೋ ಉತ್ತರ) ಕೊಟ್ಟಿತ್ತು. ಅಣ್ವಸ್ತ್ರ ಬಳಕೆ ಸಾಮಾನ್ಯವಾಗಿ ಕಾನೂನಿಗೆ ವಿರುದ್ಧ, ಆದರೆ ಒಂದು ದೇಶದ ಅಸ್ತಿತ್ವಕ್ಕೇ ಕುತ್ತು ಬಂದಾಗ ಏನು ಅಂತ ಖಚಿತವಾಗಿ ಹೇಳೋಕೆ ಆಗಲ್ಲ ಅಂದಿತ್ತು. ಈ ಅಂಶದಲ್ಲಿ ನ್ಯಾಯಾಧೀಶರು ಏಳು-ಏಳು ಆಗಿ ಒಡೆದರು, ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಮಾನವಾಯಿತು. ಆದರೆ ಇನ್ನೊಂದು ಅಂಶದಲ್ಲಿ ಒಬ್ಬರೂ ಭಿನ್ನಮತ ಹೇಳಲಿಲ್ಲ. ನಿಶ್ಶಸ್ತ್ರೀಕರಣದ ಮಾತುಕತೆ ಶುರು ಮಾಡುವುದಷ್ಟೇ ಸಾಲದು, ಅದನ್ನು ಮುಗಿಸುವ ಹೊಣೆಯೂ ಇದೆ ಅಂತ ಎಲ್ಲರೂ ಒಪ್ಪಿದರು. ಆ ಸಲ ಭಾರತ ಲಿಖಿತ ಹೇಳಿಕೆ ಕೊಟ್ಟು, ಅಣ್ವಸ್ತ್ರ ಬಳಕೆ ಕಾನೂನುಬಾಹಿರ ಅಂತಲೇ ವಾದಿಸಿತ್ತು. ಎರಡು ವರ್ಷದಲ್ಲಿ ಪೋಖ್ರಾನ್‌ನಲ್ಲಿ ಮತ್ತೆ ಸ್ಫೋಟ ನಡೆಸಿತು ಅನ್ನೋದೂ ಇದೇ ಇತಿಹಾಸದ ಭಾಗ.

ಮಾರ್ಷಲ್ ದ್ವೀಪಗಳ ಕೋರಿಕೆ ಇಷ್ಟು: ಈ ಹೊಣೆಯನ್ನು ಒಂಬತ್ತೂ ದೇಶಗಳು ಮುರಿದಿವೆ ಅಂತ ಘೋಷಿಸಿ, ಒಂದು ವರ್ಷದೊಳಗೆ ಸರಿಪಡಿಸಿ ಅಂತ ಆದೇಶ ಕೊಡಿ.

ಇದರ ಎದುರು ನಿಂತಿದ್ದದ್ದು ಡಿಟೆರೆನ್ಸ್ ಅನ್ನೋ ವಾದ. ನನ್ನ ಹತ್ತಿರ ಬಾಂಬ್ ಇದೆ, ನೀನು ಹೊಡೆದರೆ ನಾನೂ ಹೊಡೆಯುತ್ತೇನೆ, ಆದ್ದರಿಂದ ಇಬ್ಬರೂ ಸುಮ್ಮನಿರುತ್ತೇವೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವವರ ಜೊತೆ ನಾನಿಲ್ಲ. 1945ರ ನಂತರ ದೊಡ್ಡ ಶಕ್ತಿಗಳು ನೇರವಾಗಿ ಮಹಾಯುದ್ಧಕ್ಕೆ ಇಳಿದಿಲ್ಲ. ಒಂದು ಕಡೆ ಚೀನಾ, ಇನ್ನೊಂದು ಕಡೆ ಪಾಕಿಸ್ತಾನ ಬಾಂಬ್ ಹಿಡಿದು ಕೂತಿರುವಾಗ ಭಾರತ ಒಂದೇ ಕೈಬಿಡಲಿ ಅಂತ ಹೇಳುವುದು ಸುಲಭ ಅಲ್ಲ. ಪೋಖ್ರಾನ್‌ನ 1974ರ ಮೊದಲ ಪರೀಕ್ಷೆಯ ಮುಂದಾಳು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ವಿಜ್ಞಾನಿ. ನಮ್ಮ ಊರುಗಳಲ್ಲಿ ಅವರ ಹೆಸರನ್ನು ಇವತ್ತಿಗೂ ಗೌರವದಿಂದಲೇ ಹೇಳುತ್ತೇವೆ. ಆದರೆ ಡಿಟೆರೆನ್ಸ್ ಲೆಕ್ಕದಲ್ಲಿ ರೊಂಗೆಲಾಪ್‌ನ ಮಕ್ಕಳು ಎಲ್ಲಿಯೂ ಬರುವುದಿಲ್ಲ. ಬಾಂಬ್ ಯಾರ ಮೇಲೂ ಬೀಳದಿರಲಿ ಅಂತ ಅದನ್ನು ಮಾಡುವಾಗಲೇ ಯಾರ ನೆಲ ಹಾಳಾಯಿತು, ಅವರನ್ನು ಯಾರು ಕೇಳಿದರು? ನನ್ನ ಮಟ್ಟಿಗೆ ಈ ಪ್ರಕರಣದ ತೂಕ ಇರುವುದು ಆ ಪ್ರಶ್ನೆಯಲ್ಲಿ.

ಮಾಡಿದ ಪ್ರಯತ್ನ, ತೆಗೆದುಕೊಂಡ ತೀರ್ಮಾನಗಳು

ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಯಾರನ್ನೂ ಬಲವಂತವಾಗಿ ಎಳೆಯೋಕೆ ಆಗಲ್ಲ. ಎರಡೂ ದೇಶಗಳು ಅದರ ನ್ಯಾಯವ್ಯಾಪ್ತಿಯನ್ನು, ಅಂದರೆ ವಿಚಾರಣೆ ಮಾಡುವ ಅಧಿಕಾರವನ್ನು, ಮೊದಲೇ ಘೋಷಣೆಯ ಮೂಲಕ ಒಪ್ಪಿಕೊಂಡಿರಬೇಕು, ಇಲ್ಲವೇ ಆ ಕ್ಷಣಕ್ಕೆ ಒಪ್ಪಬೇಕು. ಹಾಗಾಗಿ ಮೊದಲ ಹೆಜ್ಜೆಯಾಗಿ ಮಾರ್ಷಲ್ ದ್ವೀಪಗಳು ತಾವೇ ಅಂಥ ಘೋಷಣೆ ಸಲ್ಲಿಸಿದವು, 2013ರ ಏಪ್ರಿಲ್ 24ರಂದು. ಘೋಷಣೆ ಸಲ್ಲಿಸಿ ಹನ್ನೆರಡು ತಿಂಗಳು ಕಳೆಯದ ದೇಶ ನಮ್ಮ ಮೇಲೆ ದಾವೆ ಹೂಡುವಂತಿಲ್ಲ ಅಂತ ಬ್ರಿಟನ್ ಷರತ್ತು ಹಾಕಿತ್ತು. ಅದಕ್ಕೇ ಸರಿಯಾಗಿ ಒಂದು ವರ್ಷ ಕಾದು, 2014ರ ಅದೇ ತಾರೀಖಿಗೆ ಅರ್ಜಿ ಹಾಕಿದರು. ಇಷ್ಟರ ಮಟ್ಟಿಗೆ ತಯಾರಿ ಚೊಕ್ಕವಾಗಿತ್ತು.

ಒಂಬತ್ತರಲ್ಲಿ ಇಂಥ ಘೋಷಣೆ ಇದ್ದದ್ದು ಮೂರಕ್ಕೆ ಮಾತ್ರ: ಬ್ರಿಟನ್, ಭಾರತ, ಪಾಕಿಸ್ತಾನ. ಉಳಿದ ಆರನ್ನು ಈ ಪ್ರಕರಣಕ್ಕಾಗಿ ಬಂದು ಉತ್ತರ ಕೊಡಿ ಅಂತ ಕೇಳಿಕೊಂಡರು. ಯಾರೂ ಒಪ್ಪಲಿಲ್ಲ. ಅಲ್ಲಿಗೆ 67 ಪರೀಕ್ಷೆ ನಡೆಸಿದ ದೇಶವೇ ಹೊರಗುಳಿಯಿತು. ಅದರ ಮೇಲೆ ಅದೇ ದಿನ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕೋರ್ಟಿನಲ್ಲಿ ಬೇರೆ ದಾವೆ ಹೂಡಿದ್ದರು. ಅದು 2015ರ ಫೆಬ್ರವರಿಯಲ್ಲಿ ವಜಾ ಆಯಿತು, 2017ರಲ್ಲಿ ಮೇಲ್ಮನವಿಯೂ ಬಿದ್ದಿತು.

ಒಂಬತ್ತೂ ದೇಶಗಳನ್ನು ಸೇರಿಸಿದ್ದು ಸರಿಯಾ? ನೈತಿಕವಾಗಿ ಹೌದು. ಯಾರ ಬಾಂಬ್ ಆದರೂ ಬಾಂಬೇ, ಒಬ್ಬರನ್ನು ಬಿಟ್ಟು ಒಬ್ಬರನ್ನು ಹಿಡಿಯಲ್ಲ ಅನ್ನೋ ನಿಲುವು ಅದು. ಆದರೆ ಕಾನೂನಿನ ಅಂಗಳದಲ್ಲಿ ಅದರ ಬೆಲೆ ತೆರಬೇಕಾಯಿತು. ಭಾರತ, ಪಾಕಿಸ್ತಾನ ಪ್ರಸರಣ ತಡೆ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಆದ್ದರಿಂದ ಆರನೇ ವಿಧಿಯ ಹೊಣೆ ಈಗ ರೂಢಿಗತ ಅಂತರರಾಷ್ಟ್ರೀಯ ಕಾನೂನಾಗಿ, ಅಂದರೆ ದೇಶಗಳ ರೂಢಿಯಿಂದಲೇ ಬೆಳೆದ ಕಾನೂನಾಗಿ, ಸಹಿ ಹಾಕದವರೂ ಸೇರಿ ಎಲ್ಲರಿಗೂ ಅನ್ವಯಿಸುತ್ತದೆ ಅಂತ ವಾದಿಸಬೇಕಾಯಿತು. ಇದು ಕಷ್ಟದ ವಾದ. ಅದೂ ಅಲ್ಲದೆ, ಮಾತುಕತೆ ಶುರುವಾಗಲಿ ಅನ್ನೋ ವಿಶ್ವಸಂಸ್ಥೆ ನಿರ್ಣಯಗಳ ಪರವಾಗಿ ಈ ಎರಡು ದೇಶಗಳೂ ಮತ ಹಾಕುತ್ತ ಬಂದಿದ್ದವು. ಭಾರತ 1988ರಲ್ಲೇ, 2010ರೊಳಗೆ ಎಲ್ಲ ಅಣ್ವಸ್ತ್ರ ತೆಗೆದುಹಾಕುವ ಯೋಜನೆಯನ್ನು ಮಹಾಸಭೆಯ ಮುಂದೆ ಇಟ್ಟಿತ್ತು. ಬ್ರಿಟನ್ ಹಾಗಲ್ಲ. ಅದು ಒಪ್ಪಂದದ ಒಳಗಿದೆ, ಆರನೇ ವಿಧಿಗೆ ನೇರವಾಗಿ ಸಹಿ ಹಾಕಿದೆ, ಆ ನಿರ್ಣಯಗಳ ವಿರುದ್ಧ ಮತ ಹಾಕಿದೆ, ಜೊತೆಗೆ ತನ್ನ ಜಲಾಂತರ್ಗಾಮಿ ಬಾಂಬ್ ವ್ಯವಸ್ಥೆಯನ್ನು ಹೊಸದು ಮಾಡುವ ದಾರಿಯಲ್ಲಿತ್ತು. ಮೂರರಲ್ಲಿ ಗಟ್ಟಿಯಾದ ಪ್ರಕರಣ ಬ್ರಿಟನ್‌ದೇ ಆಗಿತ್ತು ಅಂತ ನನ್ನ ಅಭಿಪ್ರಾಯ. ಶಕ್ತಿಯನ್ನೆಲ್ಲ ಅಲ್ಲೇ ಹಾಕಬಹುದಿತ್ತು.

ಈಗ ಪತ್ರದ ವಿಷಯ. ದಾವೆಗೆ ಮೊದಲು ಮಾರ್ಷಲ್ ದ್ವೀಪಗಳು ಈ ಮೂರು ದೇಶಗಳಲ್ಲಿ ಯಾವುದಕ್ಕೂ 'ನೀವು ಹೊಣೆ ಮುರಿದಿದ್ದೀರಿ, ಉತ್ತರ ಕೊಡಿ' ಅಂತ ನೇರವಾಗಿ ಬರೆಯಲಿಲ್ಲ. ರಾಯಭಾರಿಗಳ ಮೂಲಕವೂ ತಿಳಿಸಲಿಲ್ಲ. ಅವರು ನೆಚ್ಚಿಕೊಂಡದ್ದು ಎರಡು ಸಾರ್ವಜನಿಕ ಮಾತುಗಳನ್ನು. ಒಂದು, 2013ರ ಸೆಪ್ಟೆಂಬರ್ 26ರಂದು ವಿಶ್ವಸಂಸ್ಥೆಯ ನಿಶ್ಶಸ್ತ್ರೀಕರಣ ಸಭೆಯಲ್ಲಿ ಆಡಿದ್ದು. ಇನ್ನೊಂದು, 2014ರ ಫೆಬ್ರವರಿ 13ರಂದು ಮೆಕ್ಸಿಕೋದ ನಯಾರಿತ್‌ನಲ್ಲಿ, ಅಣ್ವಸ್ತ್ರಗಳಿಂದ ಮನುಷ್ಯರಿಗೆ ಆಗುವ ಹಾನಿ ಕುರಿತ ಸಮ್ಮೇಳನದಲ್ಲಿ ಹೇಳಿದ್ದು: ಅಣ್ವಸ್ತ್ರ ಇರುವ ದೇಶಗಳು ತಮ್ಮ ಕಾನೂನಿನ ಹೊಣೆಯನ್ನು ನೆರವೇರಿಸುತ್ತಿಲ್ಲ. ಮಾತು ಸ್ಪಷ್ಟವಾಗೇ ಇದೆ. ಆದರೆ ಯಾವ ದೇಶದ ಹೆಸರೂ ಅದರಲ್ಲಿಲ್ಲ.

ಪತ್ರ ಕಳಿಸದಿರೋಕೆ ಸಮರ್ಥನೆ ಇಲ್ಲವೇ ಇಲ್ಲ ಅಂತ ಅಲ್ಲ. ಆ ತನಕ ನ್ಯಾಯಾಲಯ ಇಂಥ ನೋಟಿಸ್ ಕಡ್ಡಾಯ ಅಂತ ಎಲ್ಲೂ ಹೇಳಿರಲಿಲ್ಲ. ಅಲ್ಲದೆ ಇಂಥ ದಾವೆಗಳಲ್ಲಿ ಒಂದು ನಿಜವಾದ ಭಯ ಇರುತ್ತದೆ. ಮುಂಚೆಯೇ ಸುಳಿವು ಕೊಟ್ಟರೆ ಎದುರಾಳಿ ದೇಶ ರಾತ್ರೋರಾತ್ರಿ ತನ್ನ ಘೋಷಣೆಯನ್ನೇ ವಾಪಸ್ ತೆಗೆದುಕೊಳ್ಳಬಹುದು. ಆಮೇಲೆ ದಾವೆಯೂ ಇಲ್ಲ, ಏನೂ ಇಲ್ಲ. ಎರಡೂ ದಾರಿಯಲ್ಲಿ ಅಪಾಯ ಇತ್ತು.

ಹೇಗ್‌ನಲ್ಲಿ ನಡೆದದ್ದು

2016ರ ಮಾರ್ಚ್ 7ರಿಂದ 16ರ ತನಕ ನ್ಯಾಯಾಲಯ ಇರುವ ಶಾಂತಿ ಅರಮನೆಯಲ್ಲಿ ವಿಚಾರಣೆ ನಡೆಯಿತು. ಪಾಕಿಸ್ತಾನ ಬರಲೇ ಇಲ್ಲ. ಭಾರತ, ಬ್ರಿಟನ್ ದೊಡ್ಡ ವಕೀಲರ ತಂಡ ಕಟ್ಟಿಕೊಂಡು ಬಂದವು.

ಮೊದಲ ದಿನ ಮಾರ್ಷಲ್ ದ್ವೀಪಗಳ ಪರ ಎದ್ದು ನಿಂತವರು ದಾವೆ ಹೂಡುವಾಗ ವಿದೇಶಾಂಗ ಮಂತ್ರಿಯಾಗಿದ್ದವರು. ಅಷ್ಟು ಹೊತ್ತಿಗೆ ಚುನಾವಣೆಯಲ್ಲಿ ಸೋತು ಮಾಜಿಯಾಗಿದ್ದರು. ಬ್ರಾವೋ ಸಿಡಿದಾಗ ಅವರಿಗೆ ಒಂಬತ್ತು ವರ್ಷ. ಲಿಕಿಯೆಪ್ ದ್ವೀಪದಲ್ಲಿ ಅಜ್ಜನ ಜೊತೆ ಮೀನು ಹಿಡಿಯುತ್ತಿದ್ದರು. ಸಿಡಿದ ಜಾಗ ಅಲ್ಲಿಂದ ಇನ್ನೂರು ಮೈಲಿ ದೂರ. ಆದರೂ ಆಕಾಶ ರಕ್ತದ ಬಣ್ಣಕ್ಕೆ ತಿರುಗಿತು. ಸಮುದ್ರ, ಮೀನು, ಅಜ್ಜ ಬೀಸುತ್ತಿದ್ದ ಬಲೆ, ಎಲ್ಲ ಕೆಂಪು. ಈ ನೆನಪನ್ನು ಅವರು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದರು. ಹೇಗ್‌ನಲ್ಲಿ ಹದಿನಾರು ನ್ಯಾಯಾಧೀಶರ ಎದುರು ಹೇಳಿದರು. ನಮ್ಮ ಕೆಲವು ದ್ವೀಪಗಳು ಆವಿಯಾಗಿ ಹೋಗಿವೆ, ಕೆಲವು ಸಾವಿರಾರು ವರ್ಷ ವಾಸಕ್ಕೆ ಯೋಗ್ಯವಾಗಲ್ಲ ಅಂದರು.

ಭಾರತದ ವಾದ ಮುಖ್ಯವಾಗಿ ಹೀಗಿತ್ತು: ನಮಗೂ ಮಾರ್ಷಲ್ ದ್ವೀಪಗಳಿಗೂ ಯಾವ ವ್ಯಾಜ್ಯವೂ ಇಲ್ಲ, ಅವರು ನಮ್ಮ ಹತ್ತಿರ ಈ ವಿಷಯ ಎತ್ತಿಯೇ ಇಲ್ಲ, ನಿಶ್ಶಸ್ತ್ರೀಕರಣಕ್ಕೆ ನಾವು ಯಾವತ್ತೂ ಬದ್ಧ. ದೇಶ ರಕ್ಷಣೆಗೆ ಸಂಬಂಧಿಸಿದ್ದನ್ನು, ಹಲವು ದೇಶಗಳ ಒಪ್ಪಂದಕ್ಕೆ ಸಂಬಂಧಿಸಿದ್ದನ್ನು ನ್ಯಾಯಾಲಯದ ವ್ಯಾಪ್ತಿಯಿಂದ ನಾವು ಮೊದಲೇ ಹೊರಗಿಟ್ಟಿದ್ದೇವೆ ಅಂತಲೂ ಸೇರಿಸಿತು. ಕಾನೂನಿನ ಲೆಕ್ಕದಲ್ಲಿ ಇದು ಸಮರ್ಥವಾದ ವಾದ. ಆದರೂ ಓದುವಾಗ ನನಗೆ ನೋವಾಯಿತು. ಬ್ರಾವೋ ಆದ ಮರುತಿಂಗಳೇ ಈ ಜನರ ಪರ ದನಿ ಎತ್ತಿದ ದೇಶ ಅರವತ್ತೆರಡು ವರ್ಷದ ಮೇಲೆ ಅವರ ಎದುರು ಬಂದು 'ನಮ್ಮ ನಡುವೆ ಏನೂ ಇಲ್ಲ' ಅಂತ ಹೇಳಬೇಕಾಯಿತಲ್ಲ.

ತೀರ್ಪಿಗೆ ಕಾಯುತ್ತಿದ್ದ ಹೊತ್ತಿನಲ್ಲೇ, 2016ರ ಜುಲೈ 18ರಂದು, ಬ್ರಿಟನ್ನಿನ ಸಂಸತ್ತು ಅಣ್ವಸ್ತ್ರ ಹೊರುವ ನಾಲ್ಕು ಹೊಸ ಜಲಾಂತರ್ಗಾಮಿಗಳನ್ನು ಕಟ್ಟಲು 472-117 ಮತಗಳಿಂದ ಒಪ್ಪಿಗೆ ಕೊಟ್ಟಿತು.

ಅಕ್ಟೋಬರ್ 5ರಂದು ತೀರ್ಪು ಬಂತು. ದಾವೆ ಹೂಡಿದ ದಿನಕ್ಕೆ ಎರಡು ದೇಶಗಳ ನಡುವೆ ವ್ಯಾಜ್ಯ ಇತ್ತು ಅಂತ ಸಾಬೀತಾಗಿಲ್ಲ, ಆದ್ದರಿಂದ ನಮಗೆ ವ್ಯಾಪ್ತಿ ಇಲ್ಲ ಅಂದಿತು ನ್ಯಾಯಾಲಯ. ಎದುರಾಳಿಗೆ ಭಿನ್ನಾಭಿಪ್ರಾಯ ಇದೆ ಅಂತ ಗೊತ್ತಿರಬೇಕು, ಇಲ್ಲವೇ ಗೊತ್ತಿರದೇ ಇರೋಕೆ ಸಾಧ್ಯವೇ ಇಲ್ಲ ಅನ್ನುವಂತಿರಬೇಕು ಅನ್ನೋದು ಅದರ ಅಳತೆಗೋಲು. ನಯಾರಿತ್‌ನ ಮಾತು ತೀರಾ ಸಾಮಾನ್ಯವಾಗಿತ್ತು, ಸಮ್ಮೇಳನದ ವಿಷಯವೇ ಬೇರೆ ಇತ್ತು, ಭಾರತ ಏನು ತಪ್ಪು ಮಾಡಿದೆ ಅಂತ ಅದರಲ್ಲಿ ಹೇಳಿರಲಿಲ್ಲ ಅಂದಿತು. ಬ್ರಿಟನ್ ಆ ಸಮ್ಮೇಳನಕ್ಕೆ ಹೋಗಿಯೇ ಇರಲಿಲ್ಲ.

ಭಾರತ, ಪಾಕಿಸ್ತಾನದ ಪ್ರಕರಣಗಳಲ್ಲಿ ಮತ 9-7. ಬ್ರಿಟನ್ ಪ್ರಕರಣದಲ್ಲಿ 8-8 ಆಗಿ, ಅಧ್ಯಕ್ಷರು ನಿರ್ಣಾಯಕ ಮತ ಹಾಕಬೇಕಾಯಿತು. ಆ ಅಧ್ಯಕ್ಷರು ಫ್ರಾನ್ಸಿನವರು. ಅವರ ಜೊತೆ ನಿಂತವರು ಅಮೆರಿಕ, ಬ್ರಿಟನ್, ರಷ್ಯಾ, ಚೀನಾ, ಭಾರತ, ಜಪಾನ್, ಇಟಲಿಯ ನ್ಯಾಯಾಧೀಶರು. ಎಂಟರಲ್ಲಿ ಆರು ಜನ ಅಣ್ವಸ್ತ್ರ ದೇಶದವರು, ಉಳಿದಿಬ್ಬರು ಅಮೆರಿಕದ ಅಣ್ವಸ್ತ್ರ ಕೊಡೆಯ ಕೆಳಗಿರುವ, ಅಂದರೆ ಅದರ ಬಾಂಬ್‌ನ ರಕ್ಷಣೆಯನ್ನು ನೆಚ್ಚಿಕೊಂಡ ದೇಶದವರು. ನ್ಯಾಯಾಧೀಶರು ತಮ್ಮ ಸರ್ಕಾರ ಹೇಳಿದಂತೆ ಕೇಳಿದರು ಅಂತ ನಾನು ಹೇಳಲ್ಲ, ಹೇಳುವುದು ಅನ್ಯಾಯ. ಆದರೆ ಈ ಸಾಲು ಹೀಗೆ ನಿಂತದ್ದನ್ನು ನೋಡಿ ಪುಟ್ಟ ದೇಶಗಳು ಏನು ಅಂದುಕೊಂಡಿರಬಹುದು ಅನ್ನೋದನ್ನು ನ್ಯಾಯಾಲಯ ಯೋಚಿಸಬೇಕಿತ್ತು. ಮಾರ್ಷಲ್ ದ್ವೀಪಗಳು ಈ ಪ್ರಕರಣಕ್ಕೆ ಅಂತ ನೇಮಿಸಿಕೊಂಡಿದ್ದ ನ್ಯಾಯಾಧೀಶರು ಯಾರು ಗೊತ್ತಾ? 1996ರಲ್ಲಿ ಅಧ್ಯಕ್ಷರಾಗಿದ್ದು ನಿರ್ಣಾಯಕ ಮತ ಹಾಕಿದ್ದವರೇ. ಈ ಸಲ ಅವರು ಸೋತ ಎಂಟು ಜನರಲ್ಲಿ ಒಬ್ಬರಾದರು.

ಭಿನ್ನ ತೀರ್ಪು ಬರೆದವರ ಮಾತು ಗಟ್ಟಿಯಾಗಿದೆ. ಎರಡು ವರ್ಷದಿಂದ ಎರಡೂ ಕಡೆಯವರು ಇದೇ ಕೋರ್ಟಿನಲ್ಲಿ ಪರಸ್ಪರ ವಿರುದ್ಧ ವಾದ ಮಾಡುತ್ತಿದ್ದಾರೆ, ವ್ಯಾಜ್ಯ ಇರುವುದು ಕಣ್ಣೆದುರೇ ಇದೆ. ಎದುರಾಳಿಗೆ ಗೊತ್ತಿರಬೇಕು ಅನ್ನೋ ಷರತ್ತನ್ನು ಹಿಂದೆ ಯಾವತ್ತೂ ಹೀಗೆ ಹೇರಿರಲಿಲ್ಲ. ನಾಳೆ ಒಂದು ಪತ್ರ ಬರೆದು ಮತ್ತೆ ಅರ್ಜಿ ಹಾಕಿದರೆ ಈ ದೋಷ ತೀರಿಹೋಗುತ್ತದೆ ಅಂತಿರುವಾಗ ಇವತ್ತೇ ಬಾಗಿಲು ಹಾಕುವುದರಲ್ಲಿ ಏನರ್ಥ? ಹಳೆಯ ಪ್ರಕರಣಗಳಲ್ಲಿ ನ್ಯಾಯಾಲಯ ಇಂಥ ಸಣ್ಣ ಕೊರತೆಗಳನ್ನು ದಾಟಿಕೊಂಡು ಹೋಗಿತ್ತು. ನನಗೆ ಈ ಎಂಟು ಜನರ ಮಾತೇ ಸರಿ ಅನ್ನಿಸುತ್ತದೆ. ಮನುಕುಲದ ಉಳಿವಿನ ಪ್ರಶ್ನೆಯನ್ನು ಇಷ್ಟು ತೆಳುವಾದ ಕಾರಣಕ್ಕೆ ಬದಿಗಿಡಬಾರದಿತ್ತು.

ಆಮೇಲೆ ಏನಾಯಿತು

ಹಾಗಾದರೆ ಪತ್ರ ಬರೆದು ಮತ್ತೆ ಹೋಗಲಿಲ್ಲ ಯಾಕೆ ಅಂತ ಯಾರಾದರೂ ಕೇಳುತ್ತಾರೆ ಅಲ್ವಾ? ಹೋಗುವ ದಾರಿಯೇ ಉಳಿಯಲಿಲ್ಲ. 2017ರ ಫೆಬ್ರವರಿಯಲ್ಲಿ ಬ್ರಿಟನ್ ತನ್ನ ಘೋಷಣೆ ತಿದ್ದಿತು. ಅಣ್ವಸ್ತ್ರ, ನಿಶ್ಶಸ್ತ್ರೀಕರಣದ ಬಗ್ಗೆ ನಮ್ಮ ಮೇಲೆ ದಾವೆ ನಡೆಯಬೇಕಾದರೆ ಪ್ರಸರಣ ತಡೆ ಒಪ್ಪಂದದ ಉಳಿದ ನಾಲ್ಕು ಅಣ್ವಸ್ತ್ರ ದೇಶಗಳೂ ನ್ಯಾಯಾಲಯದ ವ್ಯಾಪ್ತಿ ಒಪ್ಪಿರಬೇಕು ಅಂತ ಸೇರಿಸಿತು. ಅಂದರೆ ಆ ಬಾಗಿಲು ಮುಚ್ಚಿತು. ದಾವೆ ಹೂಡುವವರು ಆರು ತಿಂಗಳು ಮೊದಲೇ ತಿಳಿಸಬೇಕು ಅಂತಲೂ ಹಾಕಿತು. ಪಾಕಿಸ್ತಾನ ಅದೇ ವರ್ಷ ತನ್ನ ಘೋಷಣೆ ಬದಲಿಸಿತು. ಭಾರತ 2019ರಲ್ಲಿ ಹೊಸದನ್ನು ಸಲ್ಲಿಸಿತು. ಸುಳಿವು ಕೊಟ್ಟರೆ ಬಾಗಿಲು ಹಾಕಿಕೊಳ್ಳುತ್ತಾರೆ ಅನ್ನೋ ಭಯ ಇತ್ತಲ್ಲ, ಅದು ದಾವೆ ಬಿದ್ದ ಮೇಲೆ ನಿಜವಾಯಿತು. ಆ ಮಾಜಿ ಮಂತ್ರಿ 2017ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಆದರೆ ಇದೇ ಹೊತ್ತಿಗೆ ಇನ್ನೊಂದು ಕಡೆ ಕೆಲಸ ನಡೆದಿತ್ತು. ತೀರ್ಪು ಬಂದ ಮೂರು ವಾರಕ್ಕೆ, 2016ರ ಅಕ್ಟೋಬರ್ 27ರಂದು, ವಿಶ್ವಸಂಸ್ಥೆಯ ಸಮಿತಿಯಲ್ಲಿ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಮಾತುಕತೆ ಶುರು ಮಾಡಲು 123 ದೇಶಗಳು ಮತ ಹಾಕಿದವು. 38 ವಿರುದ್ಧ. ಭಾರತ, ಪಾಕಿಸ್ತಾನ, ಚೀನಾ ಸೇರಿ 16 ತಟಸ್ಥ. 2017ರ ಜುಲೈ 7ರಂದು 122 ದೇಶಗಳ ಒಪ್ಪಿಗೆಯಿಂದ ಒಪ್ಪಂದ ಅಂಗೀಕಾರವಾಯಿತು, 2021ರ ಜನವರಿ 22ರಿಂದ ಜಾರಿಗೂ ಬಂತು. ಮಾತುಕತೆಗೆ ಒಂದೂ ಅಣ್ವಸ್ತ್ರ ದೇಶ ಬರಲಿಲ್ಲ, ಒಪ್ಪಂದಕ್ಕೆ ಸೇರಲೂ ಇಲ್ಲ.

ಮಾರ್ಷಲ್ ದ್ವೀಪಗಳು ಆ ಒಪ್ಪಂದದ ಪರ ಮತ ಹಾಕಿದವು. ಆದರೆ ಸಹಿಗೆ ತೆರೆದಾಗ ಸಹಿ ಹಾಕಲಿಲ್ಲ! ಯಾಕೆಂದರೆ ಪರೀಕ್ಷೆಗಳಿಂದ ನೊಂದವರ ಆರೈಕೆ, ಹಾಳಾದ ನೆಲದ ಶುದ್ಧೀಕರಣದ ಮೊದಲ ಹೊಣೆಯನ್ನು ಒಪ್ಪಂದ ಆ ನೆಲ ಯಾರದ್ದೋ ಆ ದೇಶದ ಮೇಲೆಯೇ ಇಡುತ್ತದೆ. ಎನೆವೆಟಾಕ್‌ನ ರುನಿಟ್ ದ್ವೀಪಕ್ಕೆ ಹೋದರೆ ಇದರ ಅರ್ಥ ಗೊತ್ತಾಗುತ್ತದೆ. 1958ರ ಪರೀಕ್ಷೆಯೊಂದು ತೋಡಿದ ಗುಂಡಿಗೆ 1970ರ ದಶಕದ ಕೊನೆಯಲ್ಲಿ ವಿಕಿರಣ ತುಂಬಿದ ಮಣ್ಣು, ಕಸ ಸುರಿದು, ಮೇಲೆ ಸುಮಾರು ಒಂದೂವರೆ ಅಡಿ ದಪ್ಪದ ಕಾಂಕ್ರೀಟ್ ಮುಚ್ಚಳ ಹಾಕಲಾಗಿದೆ. ಗುಂಡಿಯ ತಳಕ್ಕೆ ಏನೂ ಹಾಕಿಲ್ಲ. ಸಮುದ್ರದ ಮಟ್ಟ ಏರುತ್ತಿದೆ. ಇದರ ಹೊಣೆ ನಿಮ್ಮದೇ ಅಂತ ಇಷ್ಟು ಪುಟ್ಟ ದೇಶಕ್ಕೆ ಹೇಳಿದರೆ ಅವರು ಹಿಂಜರಿಯುವುದು ಸಹಜ.

ಇದರಿಂದ ಏನು ತಿಳಿಯುತ್ತದೆ

ಕಾನೂನಿನ ಮಟ್ಟದಲ್ಲಿ ಪಾಠವನ್ನು ಬೇರೆ ದೇಶಗಳು ಬೇಗ ಕಲಿತವು. ರೊಹಿಂಗ್ಯಾ ಜನರ ಮೇಲಿನ ದೌರ್ಜನ್ಯದ ವಿಷಯದಲ್ಲಿ ಗ್ಯಾಂಬಿಯಾ ಮ್ಯಾನ್ಮಾರ್ ಮೇಲೆ ದಾವೆ ಹೂಡುವ ಮೊದಲು, 2019ರ ಅಕ್ಟೋಬರ್ 11ರಂದು, ಅಧಿಕೃತ ಪತ್ರ ಕಳಿಸಿತು. ಮ್ಯಾನ್ಮಾರ್ ಉತ್ತರ ಕೊಡಲಿಲ್ಲ. ಒಂದು ತಿಂಗಳಿಗೆ ದಾವೆ ಹೂಡಿತು. ವ್ಯಾಜ್ಯವೇ ಇಲ್ಲ ಅಂತ ಮ್ಯಾನ್ಮಾರ್ ವಾದಿಸಿದಾಗ, 2022ರಲ್ಲಿ ನ್ಯಾಯಾಲಯ ಆ ಪತ್ರವನ್ನೂ ಅದರ ಮುಂದಿನ ಮೌನವನ್ನೂ ಲೆಕ್ಕಕ್ಕೆ ತೆಗೆದುಕೊಂಡು ವ್ಯಾಜ್ಯ ಇದೆ ಅಂದಿತು. ದಕ್ಷಿಣ ಆಫ್ರಿಕವೂ 2023ರ ಡಿಸೆಂಬರ್‌ನಲ್ಲಿ ಇಸ್ರೇಲ್ ಮೇಲೆ ದಾವೆ ಹೂಡುವ ಕೆಲವೇ ದಿನ ಮೊದಲು ಪತ್ರ ಕಳಿಸಿತ್ತು. ಮಾರ್ಷಲ್ ದ್ವೀಪಗಳು ಸೋತು ತೋರಿಸಿದ ದಾರಿ ಇದು.

ಆದರೆ ಪತ್ರ ಒಂದಿದ್ದಿದ್ದರೆ ಗೆಲ್ಲುತ್ತಿದ್ದರು ಅಂತ ನಾನು ನಂಬಲ್ಲ. ಮುಂದಿನ ಮೆಟ್ಟಿಲಲ್ಲಿ ಇನ್ನೂ ನಾಲ್ಕಾರು ಆಕ್ಷೇಪಣೆಗಳು ಕಾದಿದ್ದವು. ಮಾತುಕತೆಗೆ ಎಲ್ಲರೂ ಬೇಕಿರುವಾಗ ಒಂದೇ ದೇಶಕ್ಕೆ ಆದೇಶ ಕೊಟ್ಟು ಏನು ಪ್ರಯೋಜನ ಅನ್ನೋದು ಅವುಗಳಲ್ಲಿ ದೊಡ್ಡದು. ಬ್ರಿಟನ್ ಒಂದೇ ಕೂತು ಯಾರ ಜೊತೆ ಮಾತಾಡೋದು? ಇದಕ್ಕೆ ಸರಿಯಾದ ಉತ್ತರ ಇತ್ತು: ಬೇರೆಯವರು ಬರಲಿ ಬಿಡಲಿ, ನೀನು ಬಾಗಿಲಲ್ಲಿ ನಿಂತು ಕರೆಯುವುದು ನಿನ್ನ ಹೊಣೆ. ಆ ಉತ್ತರವನ್ನು ತೂಗಿ ನೋಡುವ ಹಂತವೇ ಬರಲಿಲ್ಲ. ಒಳ್ಳೆ ಮನಸ್ಸಿನ ಮಾತುಕತೆ ಅಂದರೆ ಏನು, ಹೊಸ ಬಾಂಬ್ ಕಟ್ಟುತ್ತಲೇ ನಿಶ್ಶಸ್ತ್ರೀಕರಣದ ಪರ ಮತ ಹಾಕಿದರೆ ಅದು ಒಳ್ಳೆ ಮನಸ್ಸೇ ಅಂತ ಒಂದು ನ್ಯಾಯಾಲಯ ಬಾಯಿಬಿಟ್ಟು ಹೇಳುವ ಅವಕಾಶ ತಪ್ಪಿತು. ಡಿಟೆರೆನ್ಸ್ ಒಪ್ಪುವವರಿಗೂ ಇದು ನಷ್ಟವೇ. ತಮ್ಮ ವಾದವನ್ನು ಸಾಕ್ಷಿ ಸಮೇತ ಬಿಚ್ಚಿಟ್ಟು ಗೆಲ್ಲುವ ಅವಕಾಶ ಅವರಿಗೂ ಸಿಗಲಿಲ್ಲ.

ಇನ್ನೊಂದು ದಾರಿ ಈಗಲೂ ತೆರೆದಿದೆ. ಸಲಹಾ ಅಭಿಪ್ರಾಯಕ್ಕೆ ಯಾವ ದೇಶದ ಒಪ್ಪಿಗೆಯೂ ಬೇಡ, ಮಹಾಸಭೆಯ ಬಹುಮತ ಸಾಕು. ಪೆಸಿಫಿಕ್‌ನ ಇನ್ನೊಂದು ಪುಟ್ಟ ದೇಶ ವನುವಾಟು ಹವಾಮಾನ ಬದಲಾವಣೆಯ ವಿಷಯದಲ್ಲಿ ಇದನ್ನೇ ಹಿಡಿಯಿತು. ಒಬ್ಬೊಬ್ಬರ ಮೇಲೆ ದಾವೆ ಹಾಕುವ ಬದಲು ನೂರಕ್ಕೂ ಹೆಚ್ಚು ದೇಶಗಳನ್ನು ಒಟ್ಟುಗೂಡಿಸಿ 2023ರ ಮಾರ್ಚ್‌ನಲ್ಲಿ ಮಹಾಸಭೆಯಿಂದಲೇ ಪ್ರಶ್ನೆ ಕೇಳಿಸಿತು. 2025ರ ಜುಲೈ 23ರಂದು ಅದೇ ಹೇಗ್‌ನ ನ್ಯಾಯಾಲಯ, ಹವಾಮಾನ ಕಾಪಾಡುವುದು ದೇಶಗಳ ಕಾನೂನಿನ ಹೊಣೆ ಅಂತ ಒಮ್ಮತದಿಂದ ಹೇಳಿತು. ನಿಶ್ಶಸ್ತ್ರೀಕರಣದ ಹೊಣೆ ಇದೆ ಅಂತ 1996ರಲ್ಲೇ ಹೇಳಿಯಾಗಿದೆ. ಆ ಹೊಣೆ ಮುರಿದರೆ ಏನಾಗಬೇಕು ಅಂತ ಮಹಾಸಭೆ ಮತ್ತೆ ಕೇಳಬಹುದು. ಆ ಪ್ರಶ್ನೆಯ ಮೇಲೆ ಮತಕ್ಕೆ ಹಾಕಿದ ದಿನ ಭಾರತ ಯಾವ ಕಡೆ ಕೈ ಎತ್ತಬೇಕು ಅನ್ನೋದನ್ನು ನಾವು ಇಲ್ಲಿ ಈಗಿನಿಂದಲೇ ಚರ್ಚಿಸಬಹುದು.